ತೊಂಬತ್ತು ರೂಪಾಯಿ ವ್ಯತ್ಯಾಸ

ಹೋದ ವರ್ಷ ಆಷಾಢದ ಮಳೆಯಲ್ಲಿ ನಮ್ಮ ಸರ್ ತೀರಿಕೊಂಡರು. ವರ್ಷ ತುಂಬುವುದರೊಳಗೆ ಅವರ ನೆನಪಿಗೊಂದು ಪುಸ್ತಕ ತರೋಣ ಅಂತ ಹಳೆಯ ವಿದ್ಯಾರ್ಥಿಗಳು ಮಾತಾಡಿಕೊಂಡೆವು. ದೊಡ್ಡದೇನಲ್ಲ, 64 ಪುಟ, 300 ಪ್ರತಿ. ಕೆಲಸ ನನ್ನ ಪಾಲಿಗೆ ಬಂತು. ಉಳಿದವರು ಪುಣೆ, ಬೆಂಗಳೂರು, ದುಬೈ ಅಂತ ದೂರ ಇದ್ದಾರೆ. ನಾನು ಬೆಳಗಾವಿಯಲ್ಲೇ ಇದ್ದೇನೆ. ಟಿಳಕವಾಡಿಯಲ್ಲಿ ಸಣ್ಣ ಆಫೀಸು. ವ್ಯಾಪಾರಿಗಳ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಲೆಕ್ಕ ನೋಡಿಕೊಡುತ್ತೇನೆ. ಸರ್ ಮನೆ ಹಿಂದವಾಡಿಯಲ್ಲಿ. ನಡೆದುಕೊಂಡೇ ಹೋಗಬಹುದು.

ಸರ್ ಊರಿನ ಒಂದು ಕಾಲೇಜಿನಲ್ಲಿ ಮೊದಲು ಬಿ.ಕಾಂ. ಹುಡುಗರಿಗೆ, ಆಮೇಲೆ ಎಂಬಿಎ ಹುಡುಗರಿಗೆ ಪಾಠ ಮಾಡಿದವರು. ಅವರ ವಿಷಯ ಕಾಸ್ಟ್ ಅಕೌಂಟಿಂಗ್. ಒಂದು ವಸ್ತು ತಯಾರಾಗಲು ನಿಜವಾಗಿ ಎಷ್ಟು ಖರ್ಚಾಯಿತು ಅಂತ ಕಂಡುಹಿಡಿಯುವ ಲೆಕ್ಕ ಅದು. ನಾನು ಅವರ ಕ್ಲಾಸಿನಲ್ಲಿ ಕೂತಿದ್ದು 1999ರಲ್ಲಿ. ಮೊದಲ ದಿನವೇ ತಾಳೆಯಾಗದ ಒಂದು ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಎರಡೂ ಬದಿ ಸಮ ಬರುತ್ತದಾ ಅಂತ ನೋಡುವ ಪಟ್ಟಿ, ಕೊಟ್ಟು ತಪ್ಪು ಹುಡುಕಲು ಹೇಳಿದರು. 27 ರೂಪಾಯಿ ಹೆಚ್ಚುಕಡಿಮೆ ಬರುತ್ತಿತ್ತು. ನಾವೆಲ್ಲ ಮೇಲಿನಿಂದ ಕೆಳಗಿನವರೆಗೆ ಕೂಡುತ್ತಾ ಕೂತೆವು. ಸರ್ ನನ್ನ ಬೆಂಚಿನ ಹತ್ತಿರ ಬಂದು, "ತಂಗಿ, 27ನ್ನ 9ರಿಂದ ಭಾಗಿಸಿ ನೋಡು. ಹೋತಿಲ್ಲೋ? ಹಂಗಾರ ಯಾರೋ ಎರಡು ಅಂಕಿ ಅದಲುಬದಲು ಬರದಾರ. ಅದನ್ನಷ್ಟೇ ಹುಡುಕು" ಅಂದರು. ಹುಡುಕಿದೆ. 63 ಇರಬೇಕಾದ ಕಡೆ 36 ಇತ್ತು. ಇವತ್ತಿಗೂ ಆಫೀಸಿನಲ್ಲಿ ಲೆಕ್ಕ ಕೂಡದಿದ್ದರೆ ನಾನು ಮೊದಲು ಮಾಡುವ ಕೆಲಸ ಅದೇ, ವ್ಯತ್ಯಾಸವನ್ನು 9ರಿಂದ ಭಾಗಿಸುವುದು.

ಪುಸ್ತಕದ ಕೆಲಸ ಶುರುವಾಗಿದ್ದು ತಾರೀಖುಗಳಿಂದ. ಅದು ಸುಲಭ ಅಂದುಕೊಂಡಿದ್ದೆ. ಸರ್ವಿಸ್ ದಾಖಲೆಯಲ್ಲಿ ಅವರು ಹುಟ್ಟಿದ ದಿನ ಜೂನ್ 1 ಅಂತ ಇದೆ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಒಂದು ಅಂದಾಜು ವಯಸ್ಸು ಹಿಡಿದು ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಜನರಿಗೆ ಅದೇ ಹುಟ್ಟುಹಬ್ಬ. ಅವರ ಅಕ್ಕ ಇನ್ನೂ ಬೈಲಹೊಂಗಲದ ಹತ್ತಿರ ಊರಲ್ಲಿದ್ದಾರೆ. ಹೋಗಿ ಕೇಳಿದೆ. "ಶೀಗಿ ಹುಣ್ಣಿವಿ ದಿನ. ಅವ್ವ ಹೊಲಕ್ಕ ಚರಗ ಚೆಲ್ಲಾಕ ಹೋಗಿ ಬಂದ ರಾತ್ರಿ ಹುಟ್ಟ್ಯಾನ" ಅಂದರು. ಶೀಗಿ ಹುಣ್ಣಿಮೆ ಬರುವುದು ಅಕ್ಟೋಬರ್ ಹೊತ್ತಿಗೆ. ಅಂದರೆ ಸರ್ ತಮ್ಮ ನಿಜವಾದ ವಯಸ್ಸಿಗಿಂತ ನಾಲ್ಕು ತಿಂಗಳು ಮೊದಲೇ, ಇಲ್ಲವೇ ಎಂಟು ತಿಂಗಳು ತಡವಾಗಿ ರಿಟೈರ್ ಆಗಿರಬೇಕು. ಪುಸ್ತಕದಲ್ಲಿ ಎರಡನ್ನೂ ಹಾಕಿದೆ. ಅಕ್ಕ ಹೇಳಿದ್ದನ್ನು ಮೊದಲು, ದಾಖಲೆಯದ್ದನ್ನು ಆಮೇಲೆ.

ಸರ್ ಅವರ ಅಪ್ಪ ಬೈಲಹೊಂಗಲದ ಒಂದು ಹತ್ತಿ ಜಿನ್ನಿನಲ್ಲಿ ದಿವಾಣಜಿ ಆಗಿದ್ದರು ಅಂತ ನನಗೆ ಗೊತ್ತಾಗಿದ್ದೂ ಆ ಅಕ್ಕನಿಂದಲೇ. ಕಿರ್ದಿ, ಖತಾವಣಿ ಬರೆಯುವ ಮನೆ ಅದು. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವಾಗ ಈ ಹುಡುಗ ಪಕ್ಕದಲ್ಲಿ ಕೂತಿರುತ್ತಿದ್ದನಂತೆ.

ಆಮೇಲೆ ನೆನಪುಗಳನ್ನು ಕೇಳಲು ಶುರುಮಾಡಿದೆ. ವಾಟ್ಸಾಪ್ ಗ್ರೂಪಿನಲ್ಲಿ "ಸರ್ ಬಗ್ಗೆ ಒಂದು ಪುಟ ಬರೆದು ಕಳಿಸಿ" ಅಂತ ಹಾಕಿದೆ. ಹದಿನೈದು ದಿನದಲ್ಲಿ ನಲವತ್ತಕ್ಕೂ ಜಾಸ್ತಿ ಬಂದವು. ಓದುತ್ತಾ ಹೋದ ಹಾಗೆ ನನಗೆ ದುಃಖವಾಯಿತು. ಸರಳ, ಸಜ್ಜನ, ಶಿಸ್ತಿನ ಸಿಪಾಯಿ, ತುಂಬಲಾರದ ನಷ್ಟ. ಬರೆದವರ ಪ್ರೀತಿ ಸುಳ್ಳಲ್ಲ. ಆದರೆ ಈ ಮಾತುಗಳಲ್ಲಿ ಸರ್ ಇರಲಿಲ್ಲ. ಇದೇ ಪುಟಗಳನ್ನು ಬೇರೆ ಯಾವ ಮೇಷ್ಟ್ರ ಫೋಟೋದ ಕೆಳಗೆ ಇಟ್ಟರೂ ನಡೆಯುತ್ತಿತ್ತು.

ನಾನೂ ಒಂದು ಪುಟ ಬರೆದಿದ್ದೆ. ಅದೂ ಹಾಗೇ ಇತ್ತು. ಅಳಿಸಿದೆ.

ಎರಡು ದಿನ ಸುಮ್ನೆ ಬಿಟ್ಟು, ಪ್ರಶ್ನೆಯನ್ನೇ ಬದಲಾಯಿಸಿದೆ. "ಸರ್ ಹೇಳಿಕೊಟ್ಟಿದ್ದರಲ್ಲಿ ನೀವು ಈಗಲೂ ಮಾಡುತ್ತಿರುವ ಒಂದು ಕೆಲಸ ಯಾವುದು? ಅದೊಂದೇ ಹೇಳಿ. ಬರೆಯಲು ಆಗದಿದ್ದರೆ ಮಾತಾಡಿ ಕಳಿಸಿ" ಅಂದೆ. ಈ ಸಲ ಬಂದಿದ್ದು ಬೇರೆಯೇ. ಕೆಲವರು ಮರಾಠಿಯಲ್ಲಿ ಮಾತಾಡಿ ಕಳಿಸಿದರು. ನಮ್ಮ ಪೇಟೆಯಲ್ಲಿ ಎರಡೂ ಭಾಷೆ ನಡೆಯುತ್ತದೆ, ಸರ್ ಕೂಡ ಎರಡರಲ್ಲೂ ಪಾಠ ಹೇಳುತ್ತಿದ್ದರು. ನಾನೇ ಕೂತು ಅವನ್ನು ಕನ್ನಡಕ್ಕೆ ತಂದೆ. ಕೆಲವರನ್ನು ಹುಡುಕಿಕೊಂಡು ಹೋಗಿ ಭೇಟಿಯಾದೆ.

ಉದ್ಯಮಬಾಗದಲ್ಲಿ ಒಬ್ಬರ ಫೌಂಡ್ರಿ ಇದೆ. ಪಂಪು, ಮೋಟಾರಿನ ಭಾಗಗಳ ಎರಕ. ಅವರ ಆಫೀಸಿನ ಗೋಡೆಯ ಮೇಲೆ ಒಂದು ಕಪ್ಪು ಹಲಗೆ. ಅದರಲ್ಲಿ ನಾಲ್ಕು ಸಾಲು: 30 ದಿನದೊಳಗಿನ ಬಾಕಿ, 45, 60, 90. ಪ್ರತಿ ಶನಿವಾರ ಸಂಜೆ ಯಾರಿಂದ ಎಷ್ಟು ಬರಬೇಕು ಅಂತ ಅವರೇ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಕಂಪ್ಯೂಟರಿನಲ್ಲಿ ಎಲ್ಲ ಇದ್ದರೂ ಹಲಗೆ ಬಿಟ್ಟಿಲ್ಲ. "ಲಾಭ ಎಷ್ಟ ಬಂತು ಅಂತ ಆಮ್ಯಾಲೆ ಹೇಳೀಯಂತ. ರೊಕ್ಕ ಎಲ್ಲಿ ಕುಂತೈತಿ ಅದನ್ನ ಹೇಳು ಅಂತಿದ್ರು ಸರ್" ಅಂದರು. ಫೌಂಡ್ರಿಯಲ್ಲಿ ಕಚ್ಚಾ ಕಬ್ಬಿಣಕ್ಕೆ, ಕರೆಂಟಿಗೆ, ಕೂಲಿಗೆ ರೊಕ್ಕ ಮೊದಲು ಕೊಡಬೇಕು. ಮಾಲು ಕೊಂಡ ದೊಡ್ಡ ಕಂಪನಿ ಮೂರು ತಿಂಗಳ ಮೇಲೆ ಕೊಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಲಾಭ ಇರುತ್ತದೆ, ಶನಿವಾರ ಬಟವಾಡೆಗೆ ದುಡ್ಡು ಇರುವುದಿಲ್ಲ. ಸಣ್ಣ ಕಾರ್ಖಾನೆಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ಕೊಡದಿದ್ದರೆ ಬಡ್ಡಿ. ಸರ್ ಆ ಕಾಯ್ದೆಯ ಕನ್ನಡ ಸಾರಾಂಶ ಮಾಡಿ ಉದ್ಯಮಬಾಗದಲ್ಲಿ ಅಂಗಡಿ ಅಂಗಡಿಗೆ ಹಂಚಿದ್ದರು. 2024ರ ಏಪ್ರಿಲ್‌ನಿಂದ ಇನ್‌ಕಮ್ ಟ್ಯಾಕ್ಸಿನಲ್ಲೂ ಬಿಗಿ ಬಂದಿದೆ. ಗಡುವು ಮೀರಿದರೆ, ಹಣ ಕೊಡುವ ತನಕ ಕೊಂಡವರು ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಅದು ಜಾರಿಯಾದ ವಾರ ಸರ್ ನನಗೆ ಫೋನ್ ಮಾಡಿ ಅರ್ಧ ಗಂಟೆ ಖುಷಿಯಿಂದ ಮಾತಾಡಿದ್ದರು.

ಶಹಾಪುರದಲ್ಲಿ ಕುಂದಾ ಮಾಡುವ ಒಬ್ಬರು ಪ್ರತಿ ಕಡಾಯಿಯ ಮೊದಲು ಹಾಲು ತೂಗುತ್ತಾರೆ, ಇಳಿಸಿದ ಮೇಲೆ ಮತ್ತೆ ತೂಗುತ್ತಾರೆ. ನಾಲ್ಕೈದು ಲೀಟರ್ ಎಮ್ಮೆ ಹಾಲು ಬತ್ತಿದರೆ ಒಂದು ಕೆಜಿ ಖೋವಾ. ಒಂದು ದಿನ ಕಡಿಮೆ ಬಂದರೆ ಹಾಲಿಗೆ ನೀರು ಬಿದ್ದಿದೆ ಅಂತ ಅರ್ಥ. ಆ ವಹಿ ಅವರು ನನ್ನ ಮುಂದೆ ಇಟ್ಟರು. ಇಪ್ಪತ್ತೆರಡು ವರ್ಷದ ಹಾಲಿನ ಲೆಕ್ಕ, ಒಂದು ದಿನವೂ ತಪ್ಪಿಲ್ಲ.

ಇದೆಲ್ಲ ಬರುತ್ತಿದ್ದ ಹಾಗೆ ಒಂದು ವಿಷಯ ಮತ್ತೆ ಮತ್ತೆ ಕೇಳಿಬಂತು. "ಹಾಳೆ". ಎಲ್ಲರೂ ಸರ್ ಕೊಡುತ್ತಿದ್ದ ಹಾಳೆಗಳ ಬಗ್ಗೆ ಹೇಳುತ್ತಿದ್ದರು.

ಆ ಹಾಳೆಗಳ ಕಥೆ ಹೀಗಿದೆ. ಎಂಬಿಎ ಕಲಿಸುವ ಕಡೆ ಕೇಸ್ ಸ್ಟಡಿ ಅಂತ ಒಂದು ಪದ್ಧತಿ ಇದೆ. ಅಮೆರಿಕದ ಹಾರ್ವರ್ಡ್‌ನಲ್ಲಿ ನೂರು ವರ್ಷದ ಹಿಂದೆ ಬೆಳೆದಿದ್ದು. ಒಂದು ನಿಜವಾದ ಕಂಪನಿಯ ಕಷ್ಟವನ್ನು ಅಂಕಿ ಸಮೇತ ಬರೆದು ಹುಡುಗರ ಮುಂದಿಟ್ಟು, "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ" ಅಂತ ಕೇಳುವುದು. 1961ರಲ್ಲಿ ಅಹಮದಾಬಾದಿನ ಐಐಎಂ ಶುರುವಾದಾಗ ಹಾರ್ವರ್ಡ್ ಕೈಜೋಡಿಸಿತ್ತು, ಹಾಗಾಗಿ ಈ ಪದ್ಧತಿ ಅಲ್ಲಿಗೂ ಬಂತು. ಸರ್ ಅಲ್ಲಿಗೆ ಶಿಕ್ಷಕರ ತರಬೇತಿಗೆ ಹೋಗಿ ಒಂದು ಟ್ರಂಕು ಕೇಸುಗಳನ್ನು ಹೊತ್ತು ತಂದರು. ಆದರೆ ಅಮೆರಿಕದ ಶೂ ಕಂಪನಿ, ಕಾರು ಕಂಪನಿಯ ಕಥೆ ನಮ್ಮ ಹುಡುಗರ ತಲೆಗೆ ಹತ್ತಲಿಲ್ಲ. ರಾಮದುರ್ಗದಿಂದ, ಅಥಣಿಯಿಂದ ಬಂದ ಹುಡುಗರು. ಅವರಿಗೆ ರವಿವಾರ ಪೇಟೆಯ ಅಡತ್ ಅಂಗಡಿ ಗೊತ್ತು, ನಿಪ್ಪಾಣಿಯ ತಂಬಾಕು ಗೊತ್ತು, ಕಬ್ಬಿನ ಬಿಲ್ಲು ಬಾರದೆ ಅಪ್ಪ ಸಾಲ ಮಾಡಿದ್ದು ಗೊತ್ತು. ಸರ್ ಅದನ್ನೇ ಬರೆಯಲು ಶುರುಮಾಡಿದರು, ಕನ್ನಡದಲ್ಲಿ. ಬೆಲ್ಲದ ವ್ಯಾಪಾರಿ, ಫೌಂಡ್ರಿ, ಖಾನಾವಳಿ, ವಡಗಾವಿಯ ನೇಕಾರರ ಮನೆ. ಹೆಸರು ಬದಲಾಯಿಸಿ, ಅಂಕಿ ಮಾತ್ರ ನಿಜದ್ದೇ ಇಟ್ಟು. ಒಟ್ಟು 41 ಹಾಳೆಗಳು ನನಗೆ ಸಿಕ್ಕವು. ಕೆಲವು ಸರ್ ಮನೆಯ ಅಟ್ಟದಲ್ಲಿ, ಕೆಲವು ಹಳೆಯ ವಿದ್ಯಾರ್ಥಿಗಳ ಟ್ರಂಕಿನಲ್ಲಿ. ಎಲ್ಲವೂ ಸೈಕ್ಲೋಸ್ಟೈಲ್ ಮಾಡಿದ್ದು, ಅಂದರೆ ಸ್ಟೆನ್ಸಿಲ್ ಹಾಳೆಯ ಮೇಲೆ ಬರೆದು ಅದರಿಂದ ಪ್ರತಿ ತೆಗೆದದ್ದು. ದುಂಡಗಿನ ಕೈಬರಹ. ಮಸಿ ಕಂದು ಬಣ್ಣಕ್ಕೆ ತಿರುಗಿದೆ.

ಇಲ್ಲಿ ನನ್ನ ಒಂದು ಮಾತು. 2010ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಕಾಲೇಜು ಶಿಕ್ಷಕರ ಕೆಲಸಕ್ಕೆ ಅಂಕ ಕೊಡುವ ಪದ್ಧತಿ ತಂದಿತು. ಸೆಮಿನಾರಿಗೆ ಇಷ್ಟು, ಪ್ರಬಂಧಕ್ಕೆ ಇಷ್ಟು. ಸರ್ ಅಷ್ಟರಲ್ಲಿ ರಿಟೈರ್ ಆಗಿದ್ದರು. ಅವರು ಅಚ್ಚು ಮಾಡಿಸಿದ ಪ್ರಬಂಧಗಳು ಮೂರೇ ಮೂರು. ಪ್ರಬಂಧಗಳ ಆ ಅಳತೆಯಲ್ಲಿ ಈ 41 ಹಾಳೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮೊದಲ ಕರಡಿನಲ್ಲಿ ನಾನು ಆ ಮೂರು ಪ್ರಬಂಧಗಳನ್ನು "ಸಾಧನೆ" ಅಂತ ದೊಡ್ಡದಾಗಿ ಹಾಕಿದ್ದೆ. ತೆಗೆದುಹಾಕಿ, ಹಾಳೆಗಳ ಪಟ್ಟಿ ಹಾಕಿದೆ.

2010 ಅಂದಾಗ ಇನ್ನೊಂದು ನೆನಪಾಗುತ್ತದೆ. ಆ ವರ್ಷ ಏಪ್ರಿಲ್ 16ರಂದು ಮ್ಯಾನೇಜ್‌ಮೆಂಟ್ ಚಿಂತಕ ಸಿ.ಕೆ. ಪ್ರಹ್ಲಾದ್ ತೀರಿಕೊಂಡರು. 1941ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಫಿಸಿಕ್ಸ್ ಓದಿ, ಯೂನಿಯನ್ ಕಾರ್ಬೈಡ್‌ನಲ್ಲಿ ನಾಲ್ಕು ವರ್ಷ ದುಡಿದು, ಅಹಮದಾಬಾದು, ಹಾರ್ವರ್ಡ್ ಮುಗಿಸಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದವರು. ಆ ಭಾನುವಾರ ಸರ್ ಊರಲ್ಲಿದ್ದ ನಮ್ಮನ್ನೆಲ್ಲ ಮನೆಗೆ ಕರೆದರು. ಸರ್ ಹೆಂಡತಿ, ನಾವು ಕಾಕೂ ಅನ್ನುವವರು, ಚುರಮುರಿ ಒಗ್ಗರಣೆ ಹಾಕಿದ್ದರು. ಸರ್ ಎರಡು ಗಂಟೆ ಪಾಠವನ್ನೇ ಮಾಡಿದರು. 1990ರಲ್ಲಿ ಪ್ರಹ್ಲಾದ್ ಮತ್ತು ಅವರ ಜೊತೆ ಬರೆಯುತ್ತಿದ್ದ ಗ್ಯಾರಿ ಹ್ಯಾಮೆಲ್ ಕಂಪನಿಯನ್ನು ಒಂದು ಮರಕ್ಕೆ ಹೋಲಿಸಿದ್ದರು. ನಮಗೆ ಕಾಣುವುದು ಎಲೆ, ಹಣ್ಣು, ಅಂದರೆ ಅಂಗಡಿಯಲ್ಲಿ ಸಿಗುವ ಮಾಲು. ಮರವನ್ನು ಹಿಡಿದು ನಿಲ್ಲಿಸಿರುವುದು ಬೇರು, ಅಂದರೆ ಆ ಕಂಪನಿಗೆ ಮಾತ್ರ ಚೆನ್ನಾಗಿ ಗೊತ್ತಿರುವ ಕಸುಬು. ಸರ್ ಕೇಳಿದರು: "ಶಹಾಪುರದ ಕುಂದಾದಾಗ ಬೇರು ಯಾವುದು? ಸಕ್ಕರಿ ಅಲ್ಲ, ಅಂಗಡಿ ಬೋರ್ಡ್ ಅಲ್ಲ. ಹಾಲು ಯಾವಾಗ ಬಣ್ಣ ತಿರುಗತೈತಿ ಅಂತ ತಿಳಿದ ಕೈ."

ಆಮೇಲೆ ಬಡವರ ಮಾರುಕಟ್ಟೆಯ ವಿಷಯ ತೆಗೆದರು. ಬಡವರನ್ನೂ ಗಿರಾಕಿ ಅಂತ ಗೌರವದಿಂದ ನೋಡಿ, ಅವರ ಕೈಗೆ ಎಟುಕುವ ಬೆಲೆಗೆ, ಪುಟ್ಟ ಪೊಟ್ಟಣದಲ್ಲಿ ಮಾಲು ಕೊಡಿ, ಅದರಲ್ಲಿ ಕಂಪನಿಗೂ ಲಾಭ ಇದೆ ಅಂತ ಪ್ರಹ್ಲಾದ್ ವಾದಿಸಿದ್ದರು. ಅದೇ ಮಿಶಿಗನ್‌ನಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಅನೀಲ್ ಕರ್ನಾನಿ ಒಪ್ಪಲಿಲ್ಲ. ಬಡವರಿಗೆ ಮಾರುವುದರಿಂದ ಬಡತನ ಹೋಗುವುದಿಲ್ಲ, ಅವರು ತಯಾರಿಸಿದ್ದನ್ನು ಕೊಳ್ಳಿ, ಅವರ ದುಡಿಮೆ ಹೆಚ್ಚಿಸಿ ಅಂದರು. ಸರ್ ಎರಡು ಪಕ್ಷವನ್ನೂ ಅಷ್ಟೇ ನ್ಯಾಯವಾಗಿ ಹೇಳಿದರು. ನಾನು ಕರ್ನಾನಿ ಕಡೆ. ಅದಕ್ಕೆ ಕಾರಣ ಸರ್ ಬರೆದ 11ನೇ ಹಾಳೆ.

ಆ ಹಾಳೆ ವಡಗಾವಿಯ ಒಂದು ನೇಕಾರರ ಮನೆಯ ತಿಂಗಳ ಲೆಕ್ಕ. ಎಂಬತ್ತರ ದಶಕದ್ದು. ಸೀರೆ ಮಾರಿ ಬಂದ ಹಣ ಮೇಲೆ. ಕೆಳಗೆ ನೂಲು 2,310, ಬಣ್ಣ 240, ಮಗ್ಗದ ರಿಪೇರಿ 110, ದಲಾಲಿ 190. ಉಳಿದದ್ದು 600 ರೂಪಾಯಿ. ಮನೆಯವರು "ಲಾಭ" ಅಂತ ಹೇಳಿದ್ದು ಇದನ್ನೇ. ಹಾಳೆಯ ಹಿಂದಿನ ಪುಟದಲ್ಲಿ ಸರ್ ಒಂದು ಪ್ರಶ್ನೆ ಹಾಕಿದ್ದರು. "ಕಂಡಿಕೆ ಸುತ್ತಿದವರ ಕೂಲಿ ಎಲ್ಲಿ?" ಗಂಡ ಮಗ್ಗದ ಮೇಲೆ ಕೂತರೆ ಹೆಂಡತಿ, ಅತ್ತೆ ಇಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾರೆ. ಹೊರಗಿನವರಿಂದ ಮಾಡಿಸಿದ್ದರೆ ಅವರಿಬ್ಬರಿಗೆ 300, ನೇಯ್ದವನಿಗೆ 450 ಕೊಡಬೇಕಿತ್ತು. ಆ 750 ಹಿಡಿದರೆ 600ರ ಲಾಭ ಹೋಗಿ 150 ರೂಪಾಯಿ ಲುಕ್ಸಾನು. ಈ ಹಾಳೆಯ ಪಾಠ ಮುಗಿದ ದಿನ ನಾವು ಯಾರೂ ಮಾತಾಡದೆ ಕ್ಲಾಸಿನಿಂದ ಎದ್ದು ಹೋಗಿದ್ದೆವು. ಈಗಲೂ ನನ್ನ ಹತ್ತಿರ ಯಾರಾದರೂ ಅಂಗಡಿ ಲೆಕ್ಕ ತಂದರೆ, ಗಲ್ಲೆಯ ಮೇಲೆ ಕೂರುವ ಹೆಂಡತಿಯ ದುಡಿಮೆ ಎಲ್ಲಿ ಬರೆದಿದ್ದೀರಿ ಅಂತ ಕೇಳುತ್ತೇನೆ.

ಪುಸ್ತಕಕ್ಕೆ ಐದು ಹಾಳೆ ಆರಿಸಿ ಟೈಪ್ ಮಾಡಲು ಕೂತೆ. ಅಷ್ಟರಲ್ಲಿ ಉಳಿದ ಲೇಖನಗಳ ಕೆಲಸ ಬೇರೆ. ಅರ್ಧ ಜನ ಹಳೆಯ 'ನುಡಿ' ಸಾಫ್ಟ್‌ವೇರಿನ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದ್ದರು. ಯೂನಿಕೋಡಿಗೆ ತಂದರೆ ಅರ್ಕಾವತ್ತು ಹಾರಿಹೋಗುತ್ತದೆ, ಒತ್ತಕ್ಷರ ಎಲ್ಲೋ ಸೇರುತ್ತದೆ. ಒಂದೊಂದು ಪುಟವನ್ನೂ ಕಣ್ಣಿಟ್ಟು ತಿದ್ದಬೇಕು. ಪ್ರೆಸ್‌ನವರು ಮೊದಲೇ ಹೇಳಿದ್ದರು, ಒಂದು ಫಾರಂ ಅಂದರೆ 16 ಪುಟ, ನಾಲ್ಕು ಫಾರಂ ಮೇಲೆ ಒಂದು ಪುಟವೂ ಜಾಸ್ತಿ ಆಗಬಾರದು. ರಾತ್ರಿ ಅಡುಗೆ ಮುಗಿಸಿ ಕೂತರೆ ಹನ್ನೆರಡು ಆಗುತ್ತಿತ್ತು.

11ನೇ ಹಾಳೆ ಟೈಪ್ ಮಾಡಿ, ರೂಢಿಯಂತೆ ಲೆಕ್ಕ ಕೂಡಿ ನೋಡಿದೆ. ಕೂಡಲಿಲ್ಲ. ಸೀರೆ ಮಾರಿದ ಹಣ 3,540. ಖರ್ಚು 2,850. ಉಳಿಯಬೇಕಾದದ್ದು 690. ಹಾಳೆಯಲ್ಲಿ ಇರುವುದು 600. ವ್ಯತ್ಯಾಸ 90. ಒಂಬತ್ತರಿಂದ ಭಾಗಿಸಿದೆ, ಹೋಯಿತು. ಎಲ್ಲೋ ಅಂಕಿ ಅದಲುಬದಲಾಗಿದೆ. ನನ್ನದೇ ತಪ್ಪಿರಬೇಕು ಅಂತ ಮೂಲ ನೋಡಿದೆ. ಅಲ್ಲೂ 3,540. ಬೇರೆಯವರಿಂದ ಬಂದ ಪ್ರತಿ ತೆಗೆದೆ. ಅದರಲ್ಲೂ ಅದೇ. ಅದು 3,450 ಇರಬೇಕಿತ್ತು. ಸರ್ ಕೈಯಲ್ಲಿ ಈ ತಪ್ಪಾ? ನನಗೆ ನಂಬಲು ಆಗಲಿಲ್ಲ. ಅವರ ಕಚ್ಚಾ ನೋಟ್‌ಬುಕ್ ಸಿಕ್ಕರೆ ನೋಡೋಣ ಅಂತ ಮರುದಿನ ಬೆಳಗ್ಗೆ ಜಿಟಿಜಿಟಿ ಮಳೆಯಲ್ಲೇ ಹಿಂದವಾಡಿಗೆ ಹೋದೆ.

ಕಾಕೂ ಕನ್ನಡಕ ಹಾಕಿಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು.

"ಇದು ಅವರ ತಪ್ಪಲ್ಲವಾ ತಂಗಿ. ನಂದು."

ನನಗೆ ಅರ್ಥವಾಗಲಿಲ್ಲ.

"ಅವರ ಅಕ್ಷರ ಯಾರಿಗೂ ತಿಳೀತಿದ್ದಿಲ್ಲ. ಕನ್ನಡ ಟೈಪ್ ಮಷಿನ್ ಕಾಲೇಜಿನ್ಯಾಗ ಇರಲಿಲ್ಲ. ರಾತ್ರಿ ಅವರು ಓದಿ ಹೇಳತಿದ್ರು, ನಾನು ಸ್ಟೆನ್ಸಿಲ್ ಮ್ಯಾಲೆ ಕಡ್ಡೀಲೆ ಬರೀತಿದ್ದೆ. ಭಾರ ಹಾಕಿದ್ರ ಹರೀತಿತ್ತು, ಹಗುರ ಬರದ್ರ ಮೂಡತಿದ್ದಿಲ್ಲ. ಎಲ್ಲಾ ಹಾಳಿನೂ ನಾನೇ ಬರದದ್ದು."

41 ಹಾಳೆ. ಇಪ್ಪತ್ತೈದು ವರ್ಷದಿಂದ ನಾನು ಸರ್ ಅಕ್ಷರ ಅಂದುಕೊಂಡಿದ್ದು ಕಾಕೂ ಅಕ್ಷರ. ಸರ್ ಬೋರ್ಡಿನ ಮೇಲೆ ಬರೆಯುತ್ತಿದ್ದ ಅಕ್ಷರ ನನಗೆ ಗೊತ್ತಿತ್ತು, ಓರೆಯಾಗಿ, ಅವಸರದಲ್ಲಿ. ಹಾಳೆಯದು ದುಂಡಗೆ. ನಾನು ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲೇ ಇಲ್ಲ.

ಕಾಕೂ ಹಾಳೆ ತಿರುವಿ ಹಿಂದಿನ ಪ್ರಶ್ನೆ ನೋಡಿದರು. ಅವರ ತವರು ಶಹಾಪುರ, ನೇಕಾರರ ಮನೆತನ. ಅದು ನನಗೆ ಗೊತ್ತಿತ್ತು, ಆದರೆ ಈ ಹಾಳೆಗೂ ಅದಕ್ಕೂ ಸಂಬಂಧ ಇರಬಹುದು ಅಂತ ಹೊಳೆದಿರಲಿಲ್ಲ. "ನಮ್ಮವ್ವ ಕಣ್ಣು ಹೋಗೂತನಕ ಕಂಡಿಕಿ ಸುತ್ತಿದಾಕಿ. ಮೊದಲ ಅವರು ಈ ಲೆಕ್ಕ ಆರನೂರು ಲಾಭ ಅಂತ ಮುಗಿಸಿದ್ರು. ಬರಿಯೂದು ನಿಲ್ಲಿಸಿ ಕೇಳಿದೆ. ಇದರಾಗ ನಮ್ಮವ್ವ ಎಲ್ಲಿ ಅದಾಳ್ರಿ ಅಂತ. ಏನೂ ಅನಲಿಲ್ಲ. ಎರಡು ದಿನ ಬಿಟ್ಟು ಹಿಂದಿನ ಪುಟ ಬರದಕೊಂಡ ಬಂದ್ರು."

ನನ್ನ ಬ್ಯಾಗಿನಲ್ಲಿ ಪುಸ್ತಕದ ಕರಡು ಇತ್ತು. ಅದರಲ್ಲಿ ಕಾಕೂ ಬಗ್ಗೆ ಇದ್ದದ್ದು ಅರ್ಧ ಸಾಲು. "ಪತ್ನಿ ಹಾಗೂ ಒಬ್ಬ ಮಗಳನ್ನು ಅಗಲಿದ್ದಾರೆ." ಅದನ್ನು ಹೊರಗೆ ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಆ ವಾರ ಮೂರು ಸಲ ಹಿಂದವಾಡಿಗೆ ಹೋದೆ. ಕಾಕೂ ಮಾತಾಡಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಯಾವ ಹಾಳೆಗೆ ಯಾರ ಮನೆಗೆ ಹೋಗಿದ್ದರು, ಗಂಡಸರ ಮುಂದೆ ಬಾಯಿ ಬಿಡದ ಹೆಣ್ಣುಮಕ್ಕಳು ಅಡುಗೆಮನೆಯಲ್ಲಿ ಇವರ ಹತ್ತಿರ ಏನು ಹೇಳಿದರು, ಸ್ಟೆನ್ಸಿಲ್ ತಪ್ಪಾದರೆ ಕೆಂಪು ದ್ರವ ಹಚ್ಚಿ ಹೇಗೆ ಒಣಗಿಸುತ್ತಿದ್ದರು. ಆರು ಪುಟವಾಯಿತು. ನಾಲ್ಕು ಫಾರಂ ಮೀರುವ ಹಾಗಿಲ್ಲವಲ್ಲ. ದೊಡ್ಡ ಹುದ್ದೆಯಲ್ಲಿರುವವರ ಸಂದೇಶಗಳು ಆರು ಪುಟ ಇದ್ದವು. ಅವನ್ನು ತೆಗೆದೆ. ಗ್ರೂಪಿನಲ್ಲಿ ಇಬ್ಬರಿಗೆ ಬೇಸರವಾಯಿತು. ಫೋನ್ ಮಾಡಿ ಕಾರಣ ಹೇಳಿದೆ. ಒಬ್ಬರು ಒಪ್ಪಿದರು.

ಕೊನೆಗೆ 11ನೇ ಹಾಳೆಯ ಪ್ರಶ್ನೆ ಉಳಿಯಿತು. ಮೂಲದಲ್ಲಿದ್ದಂತೆ 3,540 ಅಂತಲೇ ಅಚ್ಚು ಹಾಕಬೇಕಾ, ತಿದ್ದಬೇಕಾ? ಕಾಕೂ ಹತ್ತಿರವೇ ಕೇಳಿದೆ.

"ಅವತ್ತೇ ಹೇಳಿದ್ದೆ, ಮತ್ತೊಂದು ಸ್ಟೆನ್ಸಿಲ್ ಬರದ ಕೊಡತೇನಿ ಅಂತ. ಬ್ಯಾಡ, ಇರಲಿ, ಹುಡುಗರು ಹುಡುಕಲಿ ಅಂದ್ರು. ವರ್ಷಾ ವರ್ಷಾ ಅದೇ ಹಾಳಿ ಹಂಚಿದ್ರು. ಯಾರರ ತಪ್ಪು ಹಿಡದ್ರ ಮನಿಗೆ ಬಂದು ಖುಷೀಲೆ ಹೇಳತಿದ್ರು. ನನಗ ಮಾತ್ರ ಪ್ರತಿ ಸಲ ಚುರಕ್ ಅಂತಿತ್ತು."

ನಮ್ಮ ಬ್ಯಾಚಿನಲ್ಲಿ ಯಾರೂ ಹಿಡಿದಿರಲಿಲ್ಲ.

ಕಾಕೂ ಪ್ರೂಫ್ ಹಾಳೆ ಕೇಳಿ ತಗೊಂಡರು. ಟೀಪಾಯಿಯ ಮೇಲಿದ್ದ ಪೇಪರು ಸರಿಸಿ ಅದನ್ನು ಹಾಸಿದರು. ನನ್ನ ಕೆಂಪು ಪೆನ್ನಿನಿಂದ 3,540ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 3,450 ಅಂತ ಬರೆದರು. ದುಂಡಗೆ, ನಿಧಾನವಾಗಿ, ಸ್ಟೆನ್ಸಿಲ್ ಹರಿಯಬಾರದು ಅನ್ನುವಷ್ಟು ಹಗುರಾಗಿ. ಆಮೇಲೆ ಕೆಳಗಿನ ಲೆಕ್ಕವನ್ನು ಬೆರಳಿಟ್ಟು ಒಂದು ಸಲ ಕೂಡಿದರು.

"ಈಗ ಬರೋಬ್ಬರಿ ಆತು. ಒಯ್ದ ಕೊಡು ಪ್ರೆಸ್ಸಿಗೆ" ಅಂದರು.